ಹಿಂದೆ ನೋಡಿದ ಗಿಳಿ

ಮಗ್ಗ ತಾನಾಗಿ ನೇಯ್ದಿತು ಎಂದು ನಮ್ಮ ಕೇರಿಯಲ್ಲಿ ಯಾರಾದರೂ ಹೇಳಿದ್ದರೆ, ಕುಡಿದು ಬಂದಿದ್ದಾನೆ ಅಂದುಕೊಳ್ಳುತ್ತಿದ್ದೆ. ಇವತ್ತೂ ಪೂರ್ತಿ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ, ಅಕ್ಕನ ಮಗಳ ಧಾರೆ ಸೀರೆ ಅರ್ಧ ನೇಯ್ದಿದ್ದಾಗ ಮೊಳಕಾಲ್ಮೂರಿನ ನಮ್ಮ ಮನೆಯ ಜಕಾರ್ಡ್ ಕೈಕೊಟ್ಟಿತು. ಮಗ್ಗದ ಮೇಲೆ ಕೂತು, ತೂತು ಕೊರೆದ ರಟ್ಟುಗಳ ಪ್ರಕಾರ ಎಳೆ ಎತ್ತಿ ಅಂಚಿನಲ್ಲಿ ಗಿಳಿ ಮೂಡಿಸುವ ಪೆಟ್ಟಿಗೆ ಅದು. ಒಳಗೆ ಎಳೆ ಎತ್ತುವ ಹುಕ್ಕುಗಳು ಸವೆದು ತುಂಡಾಗಿದ್ದವು. ಮದುವೆ ಹತ್ತಿರ ಬಂದಿತ್ತು. ಅರ್ಧ ಸೀರೆಯನ್ನು ಕತ್ತರಿಸಿ ಮಗ್ಗದಿಂದ ಇಳಿಸುವುದು ನಮ್ಮ ಮನೆಯಲ್ಲಿ ಅಶುಭ, ಅದೂ ಧಾರೆ ಸೀರೆ.

ಬಿಡಿಭಾಗ ಮಾರುವವನು ಫೋನಿನಲ್ಲಿ ಪೆಟ್ಟಿಗೆ ಎಷ್ಟು ಹಳೆಯದು ಎಂದು ಕೇಳಿದ. ಹಳೆಯದರ ಹುಕ್ಕು ಬೇರೆ, ಹೊಸದರದು ಬೇರೆಯಂತೆ. ಇಷ್ಟು ಸಣ್ಣ ಪ್ರಶ್ನೆಗೆ ಮನೆಯವರೆಲ್ಲ ಸೇರಿ ನನ್ನ ತಲೆ ತಿಂದರು. ನಮ್ಮಲ್ಲಿ ಯಾರಿಗೂ ಇಸವಿ ಗೊತ್ತಿಲ್ಲ, ಸೀರೆ ಗೊತ್ತು. ಅದು ಬಂದಾಗ ಹಸಿರು ಸೀರೆ ಮಗ್ಗದ ಮೇಲಿತ್ತು ಎಂದು ಚಿಕ್ಕಪ್ಪ, ಅಲ್ಲ, ನೇರಳೆ ಬಣ್ಣದ್ದು ಎಂದು ಸೋದರತ್ತೆ. ಇಬ್ಬರೂ ಜಗಳಕ್ಕೆ ಬಿದ್ದರು. ತಾನು ಮದುವೆಯಾಗಿ ಈ ಮನೆಗೆ ಬಂದ ಮೇಲೆ ತಂದದ್ದು ಎಂದಷ್ಟೇ ಅವ್ವ ಹೇಳಿದಳು. ಪೆಟ್ಟಿಗೆಯ ಮೇಲೆ ಏನಾದರೂ ಬರೆದಿರಬಹುದು ಎಂದು ನೋಡಿದರೆ, ವರ್ಷ ವರ್ಷವೂ ಆಯುಧಪೂಜೆಗೆ ಬಳಿದ ಅರಿಶಿನ, ಕುಂಕುಮ ಎಣ್ಣೆಯೊಡನೆ ಸೇರಿ ಕಲ್ಲಾಗಿತ್ತು. ಕೆರೆದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಸೋದರತ್ತೆ ಅಡ್ಡ ನಿಂತಳು. ನನಗೆ ಪೆಟ್ಟಿಗೆಯನ್ನೇ ಎತ್ತಿ ಬಾವಿಗೆ ಹಾಕುವಷ್ಟು ಸಿಟ್ಟು ಬಂದಿತ್ತು.

ಇಸವಿ ಹೇಳಲಾಗದೆ, ಮುರಿದ ಹುಕ್ಕೊಂದನ್ನು ಹಿಡಿದು ರಾಯದುರ್ಗದಲ್ಲೆಲ್ಲ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಚಳ್ಳಕೆರೆಯ ಒಂದು ಗುಜರಿಯಲ್ಲಿ, ಎಣ್ಣೆ ಮಿಲ್ಲಿನ ತುಕ್ಕು ಸಾಮಾನಿನ ನಡುವೆ ಮುರುಕು ಜಕಾರ್ಡ್ ಒಂದು ಕಂಡಿತು. ಯಾವ ಮನೆಯದೆಂದು ಗುಜರಿಯವನಿಗೆ ಗೊತ್ತಿರಲಿಲ್ಲ. ಹುಕ್ಕುಗಳನ್ನು ಕಿತ್ತು ತಂದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತವು.

ಮರುದಿನ ಮಧ್ಯಾಹ್ನ ನೇಯುತ್ತಿದ್ದೆ. ಅಂಚಿನ ಗಿಳಿಗಳೆಲ್ಲ ಮುಂದೆ ನೋಡುತ್ತವೆ. ಒಂದು ಮಾತ್ರ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು. ಹುಕ್ಕು ಕೆಟ್ಟರೆ ಎಳೆ ತಪ್ಪುತ್ತದೆ, ರೆಕ್ಕೆ ಹರಿದಂತೆ ಕಾಣುತ್ತದೆ, ಅಷ್ಟೇ. ಇದರ ಕಣ್ಣು, ಕೊಕ್ಕು ಎಲ್ಲ ಚೊಕ್ಕವಾಗಿತ್ತು. ರಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಅಂಥ ಗಿಳಿ ಅವುಗಳಲ್ಲಿ ಇರಲೇ ಇಲ್ಲ. ಇದೊಂದು ಬಾಕಿ ಇತ್ತು ಎಂದು ಬೈದುಕೊಳ್ಳುತ್ತ ಎಳೆ ಬಿಚ್ಚಲು ಕೂತೆ.

ಅವ್ವ ಬಂದು ಕೈ ಹಿಡಿದಳು. "ಉಂಡನೀ ರಾ, ಇರ್ಲಿ ಬಿಡು," ಎಂದು ಮನೆಯ ತೆಲುಗು ಬೆರೆಸಿ ಅಂದಳು. "ನನ್ನ ಧಾರೆ ಸೀರೇಲೂ ಹಿಂಗೇ ಇತ್ತು. ಮಗಳು ತವರನ್ನ ತಿರುಗಿ ನೋಡ್ಲಿ ಅಂತ ನಮ್ಮಪ್ಪ ಒಂದೇ ಒಂದು ಗಿಳಿ ಹಂಗೆ ನೇಯ್ದಿದ್ದ."

ಆ ಸೀರೆಯನ್ನು ನಾನು ಕಂಡವನಲ್ಲ, ಎಂದೋ ಹರಿದು ಹೋಗಿತ್ತು. ಅವ್ವನ ತವರಿನ ಆ ಅಜ್ಜನ ಜಕಾರ್ಡ್ ಕೂಡ ಎಂದೋ ಗುಜರಿಗೆ ಹೋಗಿತ್ತು. ನಾನು ತಂದ ಹುಕ್ಕುಗಳು ಅದರವೇ ಇರಬಹುದು ಎಂದೇ ಇಟ್ಟುಕೊಳ್ಳೋಣ. ಆದರೆ ಗಿಳಿ ಇರುವುದು ರಟ್ಟಿನಲ್ಲಿ, ಹುಕ್ಕಿನಲ್ಲಲ್ಲ. ಎಷ್ಟು ಯೋಚಿಸಿದರೂ ಇಲ್ಲಿಗೆ ಬಂದು ನಿಲ್ಲುತ್ತೇನೆ, ಮುಂದೆ ದಾರಿಯಿಲ್ಲ.

ಅಕ್ಕನ ಮಗಳು ಹಿಂದೆ ನೋಡುವ ಗಿಳಿಯಿದ್ದ ಸೀರೆಯನ್ನೇ ಉಟ್ಟಳು. ಅಂದಿನಿಂದ ಹೊಸ ಸೀರೆ ಶುರುವಾದಾಗಲೆಲ್ಲ ಅವ್ವ ಬಂದು ಮಗ್ಗದ ಪಕ್ಕ ಕೂರುತ್ತಾಳೆ. ಅದೇ ಹುಕ್ಕು, ಅದೇ ರಟ್ಟು. ಗಿಳಿಗಳು ಮುಂದೆ ನೋಡುತ್ತಲೇ ಬರುತ್ತವೆ. ಸಂಜೆಗೆ ಎದ್ದು ಹೋಗುತ್ತಾಳೆ. ನೋಡಲಾಗದೆ ಒಮ್ಮೆ ಕೇಳಿದೆ, ಹಾಗೊಂದು ರಟ್ಟು ಕೊರೆಸಿ ನಾನೇ ನೇಯ್ದು ಕೊಡಲೇ ಎಂದು.

"ಬ್ಯಾಡಪ್ಪ," ಅಂದಳು. "ನೀನು ನೇಯ್ದ್ರೆ ಅದು ನಿನ್ನ ಗಿಳಿ ಆಗ್ತೈತೆ."