ಎಲೆಸಂಚಿಯ ಗುಳಿಗೆ

ಕೊರೊನಾ ಗದ್ದಲ ತಣ್ಣಗಾದ ಮರುವರ್ಷ. ಗದಗಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಜಠರ ಮತ್ತು ಕರುಳಿನ ತಜ್ಞ. ನಿವೃತ್ತಿ ಹತ್ತಿರವಿತ್ತು, ರೋಗಿಗಳಿಗಿಂತ ಮೊದಲು ನಾನೇ ಮಂಚ ಹುಡುಕುವ ಸ್ಥಿತಿಯಲ್ಲಿದ್ದೆ.

ಬೆಟಗೇರಿಯ ನೇಕಾರ ಪರಸಪ್ಪ ಆಗ ಮೂರನೆಯ ಸಲ ದಾಖಲಾದರು. ಅವರಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಉರಿದು ಹುಣ್ಣಾಗುವ ಕಾಯಿಲೆ. ಔಷಧಕ್ಕೆ ತಗ್ಗುತ್ತಿತ್ತು, ಕೆಲವು ತಿಂಗಳಿಗೆ ಮತ್ತೆ ರಕ್ತಭೇದಿ ಶುರುವಾಗುತ್ತಿತ್ತು. ಈ ಸಲ ಯಾವ ಔಷಧಕ್ಕೂ ಜಗ್ಗಲಿಲ್ಲ. ದೊಡ್ಡ ಕರುಳನ್ನೇ ತೆಗೆಸಬೇಕಾದೀತು ಎಂದು ಹುಬ್ಬಳ್ಳಿಯ ಸರ್ಜನ್ ಒಬ್ಬರ ಜತೆ ಮಾತಾಡಿದ್ದೆ. ಬೇರೆ ಏನಾದರೂ ಔಷಧ ತಗೊಳ್ಳುತ್ತೀರಾ ಎಂದು ಪ್ರತಿ ಸಲವೂ ಕೇಳಿದ್ದೆ, ಇಲ್ಲವೆಂದೇ ಉತ್ತರ. ಖಾರ, ಚಿಂತೆ, ನೀರು ಎಲ್ಲವನ್ನೂ ಅನುಮಾನಿಸಿ ಸುಸ್ತಾಗಿದ್ದೆ.

ಒಂದು ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ ಪರಸಪ್ಪ ಸೊಂಟ ಹಿಡಿದುಕೊಂಡು ನರಳುತ್ತಿದ್ದರು. ಅವರ ಹೆಂಡತಿ ನೀಲವ್ವ ಎಲೆಸಂಚಿ ಬಿಚ್ಚಿ, ಅಡಿಕೆ ಮತ್ತು ಸುಣ್ಣದ ಡಬ್ಬಿಯ ನಡುವಿನಿಂದ ಒಂದು ಗುಳಿಗೆ ತೆಗೆದು ಚಹಾದ ಜತೆ ಕೊಡುವುದರಲ್ಲಿದ್ದರು. ಏನದು ಎಂದು ಅವರನ್ನೇ ಕೇಳಿದೆ.

“ಇದು ಔಷಧ ಅಲ್ರಿ ಸಾಹೇಬ್ರ, ನಡನೋವಿಂದು. ಹಾಸು ಮುಗಿಸೋ ಗಡಿಬಿಡ್ಯಾಗ ನಮ್ಮ ಓಣ್ಯಾಗ ಎಲ್ಲಾರೂ ತಗೋತಾರ.”

ಹಾಸು ಎಂದರೆ ಮಗ್ಗಕ್ಕೆ ಏರಿಸಿದ ಉದ್ದ ನೂಲು. ಮಗ್ಗದ ಕೆಳಗಿನ ಕುಣಿಯಲ್ಲಿ, ಅಂದರೆ ನೆಲದ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತು ಅದನ್ನು ನೇಯ್ದು ಮುಗಿಸುವ ಹೊತ್ತಿಗೆ ಸೊಂಟ ಸತ್ತಿರುತ್ತದೆ. ಹೀಗಾಗಿ ಗುಳಿಗೆ ಚಹಾದ ಸಾಲಿಗೆ ಸೇರಿಬಿಟ್ಟಿತ್ತು. ವಿಚಾರಿಸಿದರೆ ಮೂರು ಸಲವೂ ಕಾಯಿಲೆ ಕೆರಳಿದ್ದು ಹಾಸಿನ ಕೊನೆಯಲ್ಲೇ. ನನಗೆ ಸಿಟ್ಟು ಬಂತು. ಸಿಟ್ಟು ಮಾಡಲು ಬೇಕಾದ ಶಕ್ತಿ ಬರಲಿಲ್ಲ.

ಓದುವ ಕಾಲದಲ್ಲಿ, ಇಲಿಗಳ ಕರುಳಿಗೆ ಆಮ್ಲ ಹಾಕಿ ಬೇಕೆಂದೇ ಕೊಲೈಟಿಸ್ ಬರಿಸುವ ಪ್ರಯೋಗ ನೋಡಿದ್ದೆ. ಮೊದಲೇ ಪ್ರೊಸ್ಟಾಗ್ಲಾಂಡಿನ್ ಕೊಟ್ಟ ಇಲಿಗಳ ಒಳಪದರ ಅಷ್ಟಾಗಿ ಕೆಡುತ್ತಿರಲಿಲ್ಲ. ಅದು ತಯಾರಾಗದಂತೆ ತಡೆದ ಇಲಿಗಳಲ್ಲಿ ಹುಣ್ಣು ಆಳಕ್ಕಿಳಿಯುತ್ತಿತ್ತು. ಪ್ರೊಸ್ಟಾಗ್ಲಾಂಡಿನ್ ನಮ್ಮ ದೇಹವೇ ತಯಾರಿಸುವ ವಸ್ತು. ಕರುಳಿಗೆ ಲೋಳೆಯ ಹೊದಿಕೆ ಹೊದಿಸುತ್ತದೆ, ರಕ್ತ ಹರಿಸುತ್ತದೆ, ಗಾಯ ಮಾಯಲು ನೆರವಾಗುತ್ತದೆ. ನೋವು ಹೆಚ್ಚಿಸುವುದೂ ಅದೇ. ನೀಲವ್ವನ ಸಂಚಿಯಲ್ಲಿದ್ದಂಥ ಗುಳಿಗೆ ಅದರ ತಯಾರಿಕೆಯನ್ನೇ ತಡೆಯುವುದರಿಂದ ಸೊಂಟಕ್ಕೆ ಸುಖ ಸಿಗುತ್ತದೆ, ಕರುಳಿನ ಕಾವಲು ಹೋಗುತ್ತದೆ.

ಇಷ್ಟನ್ನೂ ತಿಳಿಸಿ ಹೇಳಿದೆ. “ಹಂಗಾದ್ರ ನಾನ ಕೈಯಾರ ಕೊಟ್ಟೆನಲ್ರಿ” ಎಂದು ನೀಲವ್ವ ಸಂಚಿಯ ಗುಳಿಗೆಗಳನ್ನೆಲ್ಲ ಟೇಬಲ್ಲಿನ ಮೇಲೆ ಸುರಿದರು. ಗೊತ್ತಿಲ್ಲದೆ ಕೊಟ್ಟಿದ್ದು ತಪ್ಪಲ್ಲವೆಂದು ಸಮಾಧಾನ ಹೇಳಿದೆ, ಅವರಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ.

ಗುಳಿಗೆ ನಿಂತ ಮೇಲೆ ಹಳೆಯ ಔಷಧಗಳೇ ಕೆಲಸಕ್ಕೆ ಬಂದವು. ಆಪರೇಷನ್ ತಪ್ಪಿತು. ಸೊಂಟಕ್ಕೆಂದು ಕರುಳಿಗೆ ಕೆಡುಕಾಗದ ಮಾತ್ರೆ, ಬೆಲ್ಟ್, ವ್ಯಾಯಾಮ ಬರೆದುಕೊಟ್ಟೆ. ಕೆಲವು ತಿಂಗಳ ನಂತರ ಬಂದಾಗ ಪರಸಪ್ಪ ಮೈ ತುಂಬಿಕೊಂಡಿದ್ದರು. ಖುಷಿಯಿಂದ ಮಗ್ಗ ಹೇಗೆ ನಡೆದಿದೆ ಎಂದು ಕೇಳಿದೆ.

“ಕರಳು ಉಳಿಸಿದ್ರಿ ಸಾಹೇಬ್ರ, ಖರೆ. ಆದ್ರ ಆ ಗುಳಿಗಿ ಇಲ್ದ ಕುಣ್ಯಾಗ ಕುಂಡ್ರಾಕ ಆಗಂಗಿಲ್ಲ. ಮಗ್ಗ ಬಿಚ್ಚಿ ಇಟ್ಟೀವ್ರಿ.”

ಈಗ ಜವಳಿ ಅಂಗಡಿಯಲ್ಲಿ ಬೇರೆಯವರು ನೇಯ್ದ ಸೀರೆ ಮಡಚಿಡುವ ಕೆಲಸವಂತೆ.

ಗುಳಿಗೆ ಬಿಡಿಸುವುದು ವೈದ್ಯನಿಗೆ ಸುಲಭ. ಅದರ ಆಸರೆಯಲ್ಲಿ ನಿಂತ ದುಡಿಮೆಗೆ ಬೇರೆ ಆಸರೆ ಕೊಡುವುದು ನನ್ನ ಚೀಟಿಯಿಂದಾಗದ ಕೆಲಸವೆಂದು ಅಂದು ಕಲಿತೆ. ಕೇಸ್‌ಪೇಪರಿನಲ್ಲಿ ‘ರೋಗ ಹತೋಟಿಯಲ್ಲಿದೆ’ ಎಂದು ಬರೆದೆ. ಅದು ಸುಳ್ಳೇನಲ್ಲ.