ಮಾರಿನಸ್‌ನ ಶನಿವಾರದ ತೊಳೆತ

ದ ಲಿಯರ್ ಊರಿನ ಮಾರಿನಸ್ ಎಷ್ಟು ಚೊಕ್ಕ ಮನುಷ್ಯನೆಂದರೆ, ಅವನ ಗಾಜಿನಮನೆಗೆ ಬರುವ ನೊಣವೂ ಬಾಗಿಲಲ್ಲಿ ಆರೂ ಕಾಲು ಒರೆಸಿಕೊಂಡೇ ಒಳಗೆ ಬರುತ್ತಿತ್ತು. ನಲವತ್ತೊಂದು ವರ್ಷ ಅವನು ಮಣ್ಣಿಲ್ಲದೆ ಸೌತೆಕಾಯಿ ಬೆಳೆದ. ಕಲ್ಲು ಕರಗಿಸಿ ಹತ್ತಿಯಂತೆ ಹಿಂಜಿದ ದಿಂಬುಗಳಲ್ಲಿ ಗಿಡ. ಸಣ್ಣ ಕೊಳವೆಗಳಿಂದ ತೊಟ್ಟಿಕ್ಕುವ ಗೊಬ್ಬರದ ನೀರು. ಮಣ್ಣನ್ನು ಅವನು ಮುಟ್ಟಿದ್ದು ನೆಂಟರನ್ನು ಹೂಳುವಾಗ ಮಾತ್ರ. ಮನೆಗೆ ಬಂದು ಮೂರು ಸಲ ಕೈ ತೊಳೆಯುತ್ತಿದ್ದ.

ಭಾನುವಾರ ಚರ್ಚು, ಶನಿವಾರ ತೊಳೆತ. ಅಪ್ಪನ ಕಾಲದಿಂದ ಬಂದ ಪದ್ಧತಿ. ಹೊಸ್ತಿಲು, ಸೈಕಲ್ಲಿನ ಕಡ್ಡಿಗಳು, ಕೊನೆಗೆ ಕ್ರಿಮಿ ಕೊಲ್ಲುವ ಪೆರಾಕ್ಸೈಡ್ ಹಾಕಿ ಕೊಳವೆಗಳು.

ಇಷ್ಟಾದರೂ ಬೇರುಕೊಳೆ ರೋಗ ಬಂತು. ಒಂದು ಗಿಡದಿಂದ ಬಸಿದ ನೀರೇ ಸುತ್ತಿ ಬಂದು ಎಲ್ಲ ಗಿಡಕ್ಕೂ ಹೋಗುತ್ತಿದ್ದರಿಂದ ಎರಡು ಬೆಳೆ ಸಾಲುಸಾಲಾಗಿ ಸತ್ತವು. ಮೂರನೆಯದೂ ಹೋದರೆ ಗಾಜಿನಮನೆ ಕೆಡವಿಸುವುದೆಂದು ಅವನೂ ಹೆಂಡತಿ ನೇಲ್ಚೆಯೂ ಮಾತಾಡಿಕೊಂಡಿದ್ದರು. ಆಗ ಬೆಳೆಗಾರರಿಗೆ ಸಲಹೆ ಹೇಳಲು ಬರುವ ಫ್ರೌಕೆ ಒಂದು ಡಬ್ಬಿ ಹಸಿರು ಪುಡಿ ತಂದಳು.

"ಇದೇನಮ್ಮ?"

"ಟ್ರೈಕೋಡರ್ಮಾ. ಒಳ್ಳೆ ಬೂಷ್ಟು. ಬೇರಿನ ಸುತ್ತ ಬೇಲಿ ಥರ ಬೆಳೆದು ಕೊಳೆ ರೋಗನ ತಿಂದ್ಹಾಕತ್ತೆ."

"ನಲವತ್ತು ವರ್ಷ ಬೂಷ್ಟು ಕೊಂದವ್ನು ನಾನು. ಈಗ ಕೈಮುಗಿದು ಒಳಗೆ ಕರೀಬೇಕಾ?"

"ಕರೆದ್ರೆ ಸಾಲ್ದು. ಮೂರು ವಾರ ಪೆರಾಕ್ಸೈಡ್ ಮುಟ್ಟಬಾರ್ದು. ಕೊಳವೇಲಿ ಲೋಳೆ ಕಂಡ್ರೂ ಸುಮ್ನಿರ್ಬೇಕು. ಪೆರಾಕ್ಸೈಡ್‌ಗೆ ಒಳ್ಳೇದು ಕೆಟ್ಟದು ಗೊತ್ತಾಗಲ್ಲ, ಎಲ್ಲಾನೂ ಕೊಲ್ಲತ್ತೆ."

"ಪೆರಾಕ್ಸೈಡ್ ಕ್ಯಾನು ನನ್ನ ಹತ್ರ ಇರ್ಲಿ," ಎಂದಳು ನೇಲ್ಚೆ. "ಮದುವೆ ದಿನ ಮುತ್ತು ಕೊಟ್ಟು ಬಾಯಿ ಒರೆಸ್ಕೊಂಡವ್ನು ಇವ್ನು."

ಮೂರನೆಯ ಬೆಳೆಗೆ ಪುಡಿ ಹಾಕಿದ ಹತ್ತು ದಿನಕ್ಕೆ ದಿಂಬಿನಂಚಲ್ಲಿ ರೋಗವಿಲ್ಲದ ಬಿಳಿ ಬೇರು ಇಣುಕಿತು. ಮಾರಿನಸ್ ದಿನಕ್ಕೆ ನೂರು ಸಲ ಹೋಗಿ ನೋಡಿದ. ಬೇರಿಗೇ ನಾಚಿಕೆಯಾಗುವಷ್ಟು.

ಮೂರನೆಯ ಶನಿವಾರ ನೇಲ್ಚೆ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಮೊದಲ ಸಾಲಿನ ಕೊಳವೆಯೊಳಗೆ ಕೂದಲೆಳೆಯಷ್ಟು ಲೋಳೆ. ಅವನು ನೋಡಿದ. ಹೊಸ್ತಿಲು ತೊಳೆದು ಬಂದು ಮತ್ತೆ ನೋಡಿದ. ಆಲೂಗಡ್ಡೆ ಚೀಲದ ಹಿಂದೆ ಬಚ್ಚಿಟ್ಟ ಕ್ಯಾನು ಅವನಿಗೆ ಸಿಕ್ಕೇ ಸಿಕ್ಕಿತು. ಒಂದೇ ಮುಚ್ಚಳ ಎಂದುಕೊಂಡ. ಆದರೆ ಒಂದು ಸಾಲು ತೊಳೆದು ಪಕ್ಕದ್ದನ್ನು ಹಾಗೇ ಬಿಡುವುದು ಅವನ ವಂಶದಲ್ಲೇ ಇರಲಿಲ್ಲ.

ಮುಂದಿನ ವಾರ ಗಿಡಗಳು ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆಯಾದರೂ ತಲೆಯೆತ್ತಲಿಲ್ಲ. ಫ್ರೌಕೆ ದಿಂಬು ಬಿಡಿಸಿ ನೋಡಿದಳು. ಬೇರು ಕಂದುಬಣ್ಣಕ್ಕೆ ತಿರುಗಿತ್ತು, ಎಳೆದರೆ ಸಿಪ್ಪೆ ಕೈಗೆ ಬಂತು. ಕಾವಲಿದ್ದ ಬೂಷ್ಟು ಸತ್ತಿತ್ತು. ಬೇರಿನೊಳಗೆ ಅಡಗಿದ್ದ ರೋಗ ಉಳಿದುಕೊಂಡಿತ್ತು.

"ಪೆರಾಕ್ಸೈಡ್ ಹಾಕಿದ್ರಾ?"

"ಒಂದು ಮುಚ್ಚಳ."

ನೇಲ್ಚೆ ಕ್ಯಾನು ತಂದು ಅಲ್ಲಾಡಿಸಿದಳು. ಸದ್ದಿಲ್ಲ. "ಆ ಮುಚ್ಚಳ ದೋಣಿಯಷ್ಟಿತ್ತೇನೋ."

"ಪುಡಿ ಇನ್ನೊಂದ್ಸಲ ಹಾಕ್ಬಹುದಾ, ಅಮ್ಮ?" ಎಂದು ಮಾರಿನಸ್ ಫ್ರೌಕೆಯನ್ನು ಕೇಳಿದ.

"ಯಾವುದಕ್ಕೆ ಹಾಕೋದು?" ಎಂದಳು ಫ್ರೌಕೆ. "ಗಿಡಕ್ಕೆ ಬೇರೇ ಉಳಿದಿಲ್ವಲ್ಲ."

ಗಿಡ ಕಿತ್ತು ಸಾಗಿಸಿದ್ದಾಯಿತು. ಗಾಜಿನಮನೆ ಕೆಡವುವವರು ಸೋಮವಾರ ಬರುವುದೆಂದು ನಿಗದಿಯಾಯಿತು. ಅದರ ಹಿಂದಿನ ಶನಿವಾರ ಮಾರಿನಸ್ ಬಕೆಟ್ ಹಿಡಿದು ಗಾಜು ತೊಳೆಯುತ್ತ ಏಣಿಯ ಮೇಲಿದ್ದ.

"ನಾಡಿದ್ದು ಒಡೀತಾರೆ, ಗೊತ್ತಲ್ಲ?" ಎಂದಳು ನೇಲ್ಚೆ.

"ಗೊತ್ತು. ಬರೋರು ನೋಡಿ ಏನಂದ್ಕೋತಾರೆ?"

ಒಳಗೆ ಒಂದು ಎಲೆಯೂ ಇರಲಿಲ್ಲ. ಅವಳು ಏಣಿಯ ಕಾಲು ಹಿಡಿದು ಗಾಜಿನತ್ತ ಕಣ್ಣೆತ್ತಿದಳು.

"ಆ ಮೂಲೆ ಬಿಟ್ಟಿದ್ದೀಯ," ಎಂದಳು.