ಕಪ್ಪು ಪೀರಸಾಬನದು, ಬಸಿ ಉಳಿವೆಪ್ಪನದು

ಸವಣೂರಿನ ಚಂದ್ರಪ್ಪನ ಚಹಾದಂಗಡಿಯಲ್ಲಿ ಗೋಡೆಯ ಮೇಲೆ ಬರೆಯದ ಒಂದು ಕಾನೂನಿದೆ: ಒಬ್ಬರಿಗೆ ಅರ್ಧ ಚಹಾ ಕೊಡುವುದಿಲ್ಲ. ಪೂರ್ತಿ ಕುಡಿಯಬೇಕು, ಇಲ್ಲವೇ ಒಂದನ್ನು ಇಬ್ಬರು ಕುಡಿಯಬೇಕು. ಕಾನ್ವೆಂಟಿನ ಸಿಸ್ಟರುಗಳು ಸೇಬು ಕೊಯ್ದು ಕೊಯ್ದು ತೋರಿಸಿದರೂ ನನ್ನ ತಲೆಗೆ ಹತ್ತದಿದ್ದ ಒನ್ ಬೈ ಟೂ ಲೆಕ್ಕ ಆ ಬೆಂಚಿನ ಮೇಲೆ ಕುಳಿತವರಿಗೆಲ್ಲ ಬರುತ್ತದೆ. ಅರ್ಧ ಬೇಕೆಂದರೆ ಇನ್ನೊಬ್ಬ ಇರಬೇಕು.

ಉಳಿವೆಪ್ಪನಿಗೆ ಇಪ್ಪತ್ತಾರು ವರ್ಷ ಆ ಇನ್ನೊಬ್ಬನಿದ್ದ. ಅವನು ಪೀರಸಾಬ.

ಇಬ್ಬರೂ ವೀಳ್ಯದೆಲೆಯ ಅಂಗಡಿಯಲ್ಲಿ ಎದುರುಬದುರು ಕುಳಿತು ಎಲೆ ಆರಿಸಿ, ಎಣಿಸಿ, ಕಟ್ಟು ಕಟ್ಟುವವರು. ಎಲೆಮರೆಯ ಕಾಯಿ ಎಂದು ಪತ್ರಿಕೆಯವರು ಯಾರ್‍ಯಾರನ್ನೋ ಕರೆಯುತ್ತಾರೆ. ಉಳಿವೆಪ್ಪ ಮಾತ್ರ ಆ ಮಾತಿಗೆ ನಿಜವಾದ ಹಕ್ಕುದಾರ. ರಾಶಿ ಹಾಕಿದ ಎಲೆಯ ಹಿಂದೆ ಅವನ ಬಿಳಿ ಟೋಪಿಯೊಂದೇ ಕಾಣುತ್ತಿತ್ತು. ಎಣಿಸುವಾಗ ಮಾತಾಡುವಂತಿಲ್ಲ, ಲೆಕ್ಕ ತಪ್ಪುತ್ತದೆ. ಹಾಗಾಗಿ ದಿನದ ಮಾತೆಲ್ಲ ಬಾಯಲ್ಲೇ ಕಟ್ಟು ಕಟ್ಟಿಕೊಂಡಿದ್ದು, ಹನ್ನೊಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಚಂದ್ರಪ್ಪನ ಬೆಂಚಿನ ಮೇಲೆ ಬಿಚ್ಚುತ್ತಿದ್ದರು. ಉಳಿವೆಪ್ಪನ ಹೆಂಡತಿ ಹೊಳೆವ್ವ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಅವನು ಚಹಾ ಮಾಡುವುದಿಲ್ಲ. ಒಬ್ಬನಿಗೇ ಚಹಾ ಇಡುವುದೆಂದರೆ ಒಬ್ಬನೇ ಇಸ್ಪೀಟು ಆಡಿದ ಹಾಗೆ ಎಂಬುದು ಅವನ ತೀರ್ಮಾನ.

ಹಂಚಿಕೆ ಮೊದಲ ದಿನವೇ ಗೊತ್ತಾಗಿತ್ತು. ಪೀರಸಾಬನಿಗೆ ಚಹಾ ಸುಡುಸುಡು ಬೇಕು, ಅವನಿಗೆ ಕಪ್ಪು. ಉಳಿವೆಪ್ಪನ ನಾಲಗೆ ಬಿಸಿ ತಾಳದು; ಅವನಿಗೆ ಕಪ್ಪಿನಡಿಯ ಬಸಿ. ಸುರಿಯುವ ಕೆಲಸ ಪೀರಸಾಬನದು. ಬಸಿಯ ಅಂಚಿಗೆ ಒಂದು ಕೂದಲೆಳೆ ಉಳಿಯುವವರೆಗೆ ಸುರಿದು ನಿಲ್ಲಿಸುವನು; ಬಸಿ ಖಾಲಿಯಾದರೆ ಇನ್ನಷ್ಟು. ಒಂದು ಹನಿ ಚೆಲ್ಲಿದವನಲ್ಲ.

"ನಿನಗ ಕಡಿಮಿ ಉಳೀತಲ್ಲೋ," ಎನ್ನುವನು ಉಳಿವೆಪ್ಪ.

"ನಿನ್ನ ಬಸಿ ಹೊಟ್ಟಿಬಾಕ ಐತಿ, ನಾ ಏನ ಮಾಡ್ಲಿ?" ಎನ್ನುವನು ಪೀರಸಾಬ.

ಇಬ್ಬರ ರುಚಿಯೂ ಒಂದೇ: ಖಡಕ್ಕಾಗಿರಬೇಕು, ಸಕ್ಕರೆ ಮುಂದಾಗಿರಬೇಕು. ಉಳಿವೆಪ್ಪನ ದಿನದಲ್ಲಿ ಸಿಹಿ ಎಂಬುದು ಆ ಎರಡು ಬಸಿಗಳಲ್ಲಿ ಮಾತ್ರ ಇತ್ತು.

ಹೋದ ವರ್ಷ ಪೀರಸಾಬನ ರಕ್ತದಲ್ಲಿ ಸಕ್ಕರೆ ಸಿಕ್ಕಿತು. ಮರುದಿನ ಹನ್ನೊಂದಕ್ಕೆ ಬೆಂಚಿನ ಮೇಲೆ ಕುಳಿತು, "ಚಂದ್ರಪ್ಪ, ಇವತ್ತಿನಿಂದ ನಮ್ಮ ಚಾಕ್ಕ ಸಕ್ರಿ ಬ್ಯಾಡ," ಎಂದ.

"ಯಾವ ಅರ್ಧಕ್ಕ ಬ್ಯಾಡ? ಮ್ಯಾಲಿನ ಅರ್ಧಕ್ಕೋ ಕೆಳಗಿನ ಅರ್ಧಕ್ಕೋ?" ಎಂದು ಚಂದ್ರಪ್ಪ ಕೇಳಿದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

"ಪೂರಾ ಬ್ಯಾಡ. ಡಾಕ್ಟರು ಹೇಳ್ಯಾರ. ಉಳಿವೆಪ್ಪ, ನೀನೂ ಸಪ್ಪನ್ನ ಕುಡಿ. ನಾಕ ದಿನಕ್ಕ ರೂಢಿ ಆಗತೈತಿ."

ನಗೆ ಇನ್ನೂ ನಿಂತಿರಲಿಲ್ಲ. ಅದಕ್ಕೆ ತನ್ನದೂ ಒಂದು ಚಮಚ ಹಾಕೋಣವೆಂದು ಉಳಿವೆಪ್ಪ ಬಾಯಿ ತೆರೆದ: "ಏ ಹೋಗೋ ಮಾರಾಯ! ನಿನ್ನ ಜಡ್ಡು ನನ್ನ ಬಸ್ಯಾಗ ಸುರವಬ್ಯಾಡ."

ಜನ ಮತ್ತಷ್ಟು ನಕ್ಕರು. ಪೀರಸಾಬ ನಗಲಿಲ್ಲ. ಇಪ್ಪತ್ತಾರು ವರ್ಷ ಸುರಿದ ಕೈಯನ್ನು ಒಮ್ಮೆ ನೋಡಿಕೊಂಡ. "ಖರೇ ಐತಪಾ," ಎಂದು ಎದ್ದು ಆಚೆ ಬೆಂಚಿಗೆ ಹೋಗಿ ಕುಳಿತು, ತನಗೊಂದು ಪೂರ್ತಿ ಸಪ್ಪೆ ಚಹಾ ಹೇಳಿದ. ಒನ್ ಬೈ ಟೂ ಎಂಬುದರಲ್ಲಿ ಬೈಯುವುದೂ ಇದೆ, ಠೂ ಬಿಡುವುದೂ ಇದೆ ಎಂದು ಆ ದಿನ ತಿಳಿಯಿತು.

ಆಮೇಲೆ ಮೂರು ವಾರ ಇಬ್ಬರೂ ಎದುರುಬದುರು ಕುಳಿತು ಎಲೆ ಎಣಿಸಿದರು. ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ತಮಾಷೆಗೆ ಅಂದೆ ಎಂದು ಹೇಳಲು ಉಳಿವೆಪ್ಪ ದಿನಾ ನಾಲ್ಕು ಗಂಟೆಗೆ ಸಿದ್ಧನಾಗುತ್ತಿದ್ದ. ನಾಲ್ಕೂಕಾಲಿಗೆ ಅದೇ ಮಾತನ್ನು ನುಂಗಿ ಏಳುತ್ತಿದ್ದ. ಒಂದು ಸೋಮವಾರ ಎದುರಿನ ಜಾಗ ಖಾಲಿ ಇತ್ತು. ಪೀರಸಾಬನ ಕಾಲಿಗೆ ಆಗಿದ್ದ ಗಾಯ ಸಕ್ಕರೆ ಜಡ್ಡಿನಿಂದ ಮಾಯದೆ, ಮಗಳು ಮರಿಯಮಬಿ ಅವನನ್ನು ಮಾಸೂರಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಇದನ್ನು ಹೇಳಿದವನು ಎಲೆ ಅಂಗಡಿಯ ಮಾಲೀಕ. ಪೀರಸಾಬ ಹೇಳಿ ಹೋಗಿರಲಿಲ್ಲ.

ಹೆಸರೇ ಉಳಿವೆಪ್ಪ. ಉಳಿದ.

ಮೂರು ವಾರ ಚಹಾ ಮುಟ್ಟದವನು ಅಂದು ಹನ್ನೊಂದಕ್ಕೆ ಒಂದು ಪೂರ್ತಿ ಚಹಾ ತರಿಸಿದ. ಬಸಿಗೆ ತಾನೇ ಸುರಿದುಕೊಳ್ಳಲು ಹೋದ. ಅಂಚು ದಾಟಿ ತೊಡೆಯ ಮೇಲೆ ಚೆಲ್ಲಿತು. ಸುರಿಯುವುದು ಒಂದು ವಿದ್ಯೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಉಳಿದಷ್ಟನ್ನು ಬಸಿಯಿಂದ ಕುಡಿದು, ಕಪ್ಪಿನಲ್ಲಿ ಅರ್ಧ ಬಿಟ್ಟು ಎದ್ದ.

"ಇದನ್ನ ಯಾರು ಕುಡೀಬೇಕಪಾ?" ಎಂದು ಚಂದ್ರಪ್ಪ ಕೂಗಿದ.

"ಅದು ನಂದಲ್ಲ," ಎಂದ ಉಳಿವೆಪ್ಪ.

ಒಂದು ವಾರ ಹೀಗೇ ನಡೆಯಿತು. ಎಂಟನೆಯ ದಿನ ಅವನು ಚಂದ್ರಪ್ಪನ ಕಿವಿಯ ಹತ್ತಿರ ಬಾಗಿ, "ನಂದೂ ಸಪ್ಪನ್ನ ಮಾಡು," ಎಂದ.

ಕಿವಿಯಲ್ಲಿ ಹೇಳಿದ್ದು ಸಂತೆಯಲ್ಲಿ ಹೇಳಿದಂತಾಯಿತು. ಮರುದಿನದಿಂದ ಬೆಂಚಿನ ತುಂಬ ವೈದ್ಯರು. ಒಬ್ಬರು ಹಾಗಲಕಾಯಿ ರಸ ಎಂದರು, ಇನ್ನೊಬ್ಬರು ನೇರಳೆ ಬೀಜದ ಪುಡಿ ಎಂದರು, ಮೂರನೆಯವರು ಮೆಂತ್ಯದ ಪೊಟ್ಟಣವನ್ನೇ ತಂದುಕೊಟ್ಟರು. ಉಳಿವೆಪ್ಪ ಯಾರಿಗೂ ಇಲ್ಲವೆನ್ನಲಿಲ್ಲ. ಇಲ್ಲದ ಜಡ್ಡಿಗೆ ಇಷ್ಟು ಮಂದಿ ಮಾತಾಡಿಸುತ್ತಾರಲ್ಲ, ಇರಲಿ ಎಂದುಕೊಂಡಿರಬೇಕು. ಮೊದಲ ದಿನದ ಚಹಾ ಬಾಯಿಗೆ ಎಲೆ ತೊಳೆದ ನೀರಿನಂತಿತ್ತು. ಹತ್ತನೆಯ ದಿನ ಒಗರು ಮಾತ್ರ ಉಳಿಯಿತು. ಎರಡು ತಿಂಗಳಾಗುವ ಹೊತ್ತಿಗೆ ಸಕ್ಕರೆಯ ಹಿಂದೆ ಅಡಗಿದ್ದ ಚಹಾದ ರುಚಿಯೇ ಸಿಕ್ಕಿತು. ಆ ಭಾನುವಾರ ಅವನು ಒಳ್ಳೆಯ ಎಲೆಯ ಒಂದು ಕಟ್ಟನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ಮಾತು ಉದ್ದವಾಗಿತ್ತು. ಹಂಸಭಾವಿ ದಾಟುವಾಗ ಅರ್ಧವಾಯಿತು. ಮಾಸೂರಿನಲ್ಲಿ ಇಳಿದಾಗ ಒಂದೇ ಸಾಲು ಉಳಿದಿತ್ತು: ನಾನೂ ಸಪ್ಪನ್ನ ಕುಡಿತೇನಿ, ಒಂದ ಕಪ್ಪಿನ್ಯಾಗ ಇಬ್ಬರೂ ಕುಡಿಯೂಣು.

ಪೀರಸಾಬ ಕಟ್ಟೆಯ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಕುಳಿತಿದ್ದ. ಸೊರಗಿದ್ದ. "ಬಂದೇನೋ? ಕುಂಡ್ರು," ಎಂದನಷ್ಟೆ. ಎಲೆಯ ಕಟ್ಟು ತೆಗೆದುಕೊಂಡು, ಬಿಚ್ಚಿ, ರೂಢಿಯಂತೆ ಎಣಿಸತೊಡಗಿದ. ಎಣಿಸುವಾಗ ಮಾತಾಡುವಂತಿಲ್ಲ. ಉಳಿವೆಪ್ಪ ಕಾದ.

ಎಣಿಕೆ ಮುಗಿಯುವ ಮೊದಲೇ ಮರಿಯಮಬಿ ಸ್ಟೀಲಿನ ಗ್ಲಾಸಿನಲ್ಲಿ ಚಹಾ ತಂದಳು.

"ತಗೋರಿ ಕಾಕಾ. ಮೂರು ಚಮಚ ಸಕ್ರಿ ಹಾಕೇನಿ. ಉಳಿವೆಪ್ಪ ಬಂದ್ರ ಮೂರಕ್ಕ ಕಡಿಮಿ ಹಾಕಬ್ಯಾಡ ಅಂತ ಅಬ್ಬಾ ಇಲ್ಲಿಗೆ ಬಂದಾಗಿಂದ ಹೇಳಾಕತ್ತಾರ."

ಬಂದಾಗಿಂದ. ಅಂದರೆ ಎರಡು ತಿಂಗಳಿಗೂ ಮೇಲಿಂದ ಈ ಮನೆಯಲ್ಲಿ ತನಗಾಗಿ ಮೂರು ಚಮಚ ಸಕ್ಕರೆ ಕಾದಿತ್ತು. ಬಾಯಿಪಾಠ ಮಾಡಿದ ಸಾಲು ಉಳಿವೆಪ್ಪನಿಗೆ ಇನ್ನು ಕೆಲಸಕ್ಕೆ ಬಾರದಾಯಿತು. ಗ್ಲಾಸು ಎತ್ತಿದ. ನಾಲಗೆ ಸುಟ್ಟಿತು, ಸುಟ್ಟಮೇಲೆ ಸಿಹಿ ಹತ್ತಿತು, ಓಕರಿಕೆ ಬರುವಷ್ಟು. ಹನಿ ಬಿಡದೆ ಕುಡಿದ. ಪೀರಸಾಬನ ಕೈಗೆ ಮಗಳು ಬರೀ ಬಿಸಿನೀರಿನ ಲೋಟ ಕೊಟ್ಟಿದ್ದಳು.

"ನಿನಗ ಚಾ?"

"ಬಿಟ್ಟೇನಿ. ಪೂರ್ತಿ ಚಾ ಒಬ್ಬಾವ ಕುಡಿಯಾಕ ಆಗವಲ್ದು."

ಉಳಿವೆಪ್ಪ ಖಾಲಿ ಗ್ಲಾಸನ್ನು ಕೆಳಗಿಟ್ಟ. "ಆವತ್ತು ನಾ ಅಂದೆನಲ್ಲ, ಬಸಿ ಮಾತು…"

"ಆ ಮಾತು ಇರ್ಲಿ. ನೀ ಸಪ್ಪನ್ನ ಕುಡಿಯಾಕ ಯಾವಾಗ ಹತ್ತಿದಿ?"

"ಯಾರು ಹೇಳಿದ್ರು?"

"ಯಾರ ಯಾಕ ಹೇಳಬೇಕು? ಇಪ್ಪತ್ತಾರು ವರ್ಷ ನೀ ಚಾ ಕುಡಿಯೋ ಮಾರಿ ನೋಡೇನಿ. ಈಗ ಔಷಧ ಕುಡದಂಗ ಕುಡದಿ."

ಉಳಿವೆಪ್ಪ ನಗಲು ಹೋದ. ನಗು ಬರುವ ಬದಲು ಕಣ್ಣು ಒರೆಸಿಕೊಳ್ಳಬೇಕಾಯಿತು. "ಬಾಯಿ ಸುಟ್ಟಿತು," ಎಂದ.

"ಸುಡದ ಏನ ಮಾಡತೈತಿ? ಈ ಮನ್ಯಾಗ ಬಸಿ ಇಲ್ಲ." ಪೀರಸಾಬ ಎಲೆಯ ಕಟ್ಟನ್ನು ಮತ್ತೆ ಬಿಗಿದ. "ಮುಂದಿನ ಐತವಾರ ಬರೋಮುಂದ ಚಂದ್ರಪ್ಪನ ಕಡಿಂದ ಒಂದು ಬಸಿ ತಗೊಂಡ ಬಾ. ನಾ ಸುರೀತೇನಿ."

"ನೀನ ಸವಣೂರಿಗೆ ಬಾರೋ."

ಪೀರಸಾಬ ಪಟ್ಟಿ ಕಟ್ಟಿದ ಕಾಲನ್ನು ನೋಡಿದ. ಕೊನೆಯ ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಈ ಸಲದ ಎಲೆ ಎಷ್ಟು ಎಳೆಯದು ಎಂದು ಮಾತಾಡಿದರು.

ಸೋಮವಾರ ಹನ್ನೊಂದಕ್ಕೆ ಉಳಿವೆಪ್ಪ ಚಂದ್ರಪ್ಪನ ಮುಂದೆ ನಿಂತ.

"ಬಸಿ ಬೇಕಾಗಿತ್ತು. ಮಾಸೂರಿಗೆ ಒಯ್ಯಾಕ."

"ಒಯ್ಯಿ. ಅಂಗಡ್ಯಾಗ ಉಳದಿದ್ದು ಅದೊಂದ. ಉಳಿದವರೆಲ್ಲ ಕಾಗದದ ಕಪ್ಪು ಕೇಳತಾರ. ಕಪ್ಪೂ ಕೊಡ್ಲೇನು?"

"ಕಪ್ಪು ಅವನ ಮನ್ಯಾಗ ನೋಡಿಕೊಳ್ತಾನ."

ಬಸಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಅವನು ಬೆಂಚಿನ ತುದಿಯಲ್ಲಿ ಕುಳಿತ. ಚಂದ್ರಪ್ಪ ಸಪ್ಪೆ ಚಹಾ ತಂದು ಬರಿಯ ಕಪ್ಪನ್ನು ಮುಂದಿಟ್ಟ. ಹಬೆ ಏಳುತ್ತಿತ್ತು. ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟು ಉಳಿವೆಪ್ಪ ಊದುತ್ತ ಕುಳಿತ. ಚಹಾ ಆರಬೇಕಿತ್ತು. ಐತವಾರಕ್ಕೂ ಇನ್ನೂ ಆರು ದಿನವಿತ್ತು.